ದೇವಿ ಒಪ್ಪದ ಲೋಗೊ

ಹದಿನೇಳನೆಯ ಲೋಗೊವೂ ದೇವಿಗೆ ಹಿಡಿಸಲಿಲ್ಲ. ತೈವಾನಿನ ತೈನಾನ್ ಊರಲ್ಲಿ, ಕಡಲ ದೇವಿ ಮಾಜು ಅಮ್ಮನ ಗುಡಿಯಲ್ಲಿ, ಚಿಯು ಕಾಗದವನ್ನು ಅಮ್ಮನ ಮುಂದಿಟ್ಟು, ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಹಾಕಿದ. ಎರಡೂ ಬೋರಲು ಬಿದ್ದವು. ಬೇಡ ಎಂದರ್ಥ.

ಲೋಗೊ ಬರೆದ ಪೈ-ಲಿಂಗ್‌ಗೆ ಅಳುವೇ ಬಂತು. ಎರಡು ತಿಂಗಳಿಂದ ಬರೆದದ್ದು ಅದೇ ಸೇತುವೆ, ಅದೇ ಮೇಲೇರುವ ಬಾಣ. ವಿಸಿಟಿಂಗ್ ಕಾರ್ಡಿಲ್ಲ, ಬೋರ್ಡಿಲ್ಲ, ಚಿಯುವಿನ ಸಲಹಾ ಕಚೇರಿ ಇನ್ನೂ ಬಾಗಿಲೇ ತೆರೆದಿಲ್ಲ.

"ಇನ್ನೊಂದು ಬರ್ಕೊಡಮ್ಮ," ಎಂದ ಚಿಯು. "ಈ ಸಲ ಬಾಣ ಸ್ವಲ್ಪ ದಪ್ಪಗಿರ್ಲಿ."

"ಆ ಬಾಣ ನನ್ನೆದೆಗೇ ಹೊಡೀರಿ ಅಣ್ಣಾ! ನನ್ ಕೈಲಾಗಲ್ಲ. ಮೊದ್ಲು ಈ ಕಚೇರಿ ತೆಗೀಲೋ ಬೇಡ್ವೋ ಅಂತ ಅಮ್ಮನ್ನ ಕೇಳಿದ್ರಾ?"

ಚಿಯು ಮರದ ತುಂಡುಗಳನ್ನು ಎದೆಗವಚಿಕೊಂಡ. ಇಪ್ಪತ್ತಾರು ವರ್ಷ ದುಡಿಸಿಕೊಂಡ ಶೂ ಕಾರ್ಖಾನೆ ಕಳೆದ ಚಳಿಗಾಲದಲ್ಲಿ ಅವನನ್ನು ಮನೆಗೆ ಕಳಿಸಿತ್ತು.

"ಕೇಳಿಲ್ಲ."

"ಯಾಕೆ?"

"ಲೋಗೊ ಬೇಡ ಅಂದ್ರೆ ಇನ್ನೊಂದು ಬರೀಬಹುದು. ಕಚೇರೀನೇ ಬೇಡ ಅಂದ್ಬಿಟ್ರೆ, ನಾಳೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ಲಿ, ತಂಗಿ?"

ಪೈ-ಲಿಂಗ್ ಅಲ್ಲೇ ನೆಲದ ಮೇಲೆ ಕೂತು ಪೆನ್ಸಿಲ್ ತೆಗೆದಳು.

"ಎಷ್ಟು ದಪ್ಪ ಬೇಕು, ಬಾಣ?"