ಮಗುಚುವ ಎಣಿಕೆ

ಗಂಟೆ ಮೂರನೇ ಸಲ ಬಾರಿಸಿತು. "ಬಂದೆ, ಬಂದೆ, ಕಿತ್ತು ಹಾಕ್ಬೇಡಿ ಅದನ್ನ" ಎಂದು ಕೂಗಿದ ಲೆಮ್ಯುಯೆಲ್ ಆರ್ಟಿಸ್ ಸಲಿಕೆಯಲ್ಲಿದ್ದ ಕೆಂಡವನ್ನು ತೊಟ್ಟಿಯ ಮೂಲೆಗೆ ಸುರಿದ. ಹರಡಲು ಪುರುಸೊತ್ತಿರಲಿಲ್ಲ. ಸಲಿಕೆಯನ್ನು ಗಾಡಿಗೆ ಒರಗಿಸಿ, ಮೊಣಕಾಲು ಹಿಡಿದುಕೊಂಡು ಟ್ರಕ್ಕಿನ ಹಿಂದಿನ ಮೆಟ್ಟಿಲು ಹತ್ತಿ, ಒಳಗಿನಿಂದ ಕಿಟಕಿಗೆ ಬಂದ.

ಹಂದಿ ಬೇಯುವುದು ಹೊರಗೆ, ಟ್ರಕ್ಕಿನ ಹಿಂದೆ ಎಳೆದು ತರುವ ಗಾಡಿಯ ಮೇಲಿನ ಕಬ್ಬಿಣದ ತೊಟ್ಟಿಯಲ್ಲಿ. ಮಾರುವುದು ಒಳಗೆ, ಕಿಟಕಿಯಲ್ಲಿ. ಮೊದಲು ಹೆದ್ದಾರಿಯ ಪಕ್ಕದ ತಗಡಿನ ಅಂಗಡಿ, ಆಮೇಲೆ ಈ ಟ್ರಕ್ಕು, ಎರಡೂ ಸೇರಿ ಮೂವತ್ತೆಂಟು ವರ್ಷ ಹೊರಗೆ ಅವನು, ಒಳಗೆ ಹೆಂಡತಿ ಒಡೆಸ್ಸಾ. ಹಂದಿ ಮಗುಚುವ ಹೊತ್ತಿಗೆ ಮಾತ್ರ ಅವಳು ಹೊರಗೆ ಬರುತ್ತಿದ್ದಳು. ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಕಿಟಕಿಯ ಚೌಕಟ್ಟಿಗೆ ಒಂದು ಗಂಟೆ ಸಿಕ್ಕಿಸಿದ್ದ. ಬಂದವರು ಅದನ್ನು ಬಾರಿಸಬೇಕು, ಅವನು ಓಡಬೇಕು. ಎಪ್ಪತ್ತೊಂದು ವರ್ಷದ ಕಾಲಿಗೆ ಅದನ್ನು ಓಟ ಎನ್ನುವುದಾದರೆ.

ಕಿಟಕಿಯಾಚೆ ವರ್ಲೀನ್ ನಿಂತಿದ್ದಳು. ಗಮ್ ಬ್ರಾಂಚ್ ಚರ್ಚಿನ ಅಡುಗೆಮನೆ ಅವಳ ಕೈಯಲ್ಲಿ. ಅಲ್ಲಿ ಯಾವ ತಪ್ಪಲೆ ಯಾವ ಗೂಡಿನಲ್ಲಿದೆ ಎಂದು ಪಾದ್ರಿಗೂ ಗೊತ್ತಿಲ್ಲ.

"ಏನಣ್ಣ, ಗಿರಾಕಿ ಹಸಿವಿಂದ ಸತ್ತ ಮೇಲೆ ಬರ್ತೀಯಾ?"

"ನೀನೆಲ್ಲಿ ಗಿರಾಕಿ ವರ್ಲೀನಮ್ಮ? ಹದಿನೈದು ವರ್ಷದಿಂದ ಪುಕ್ಕಟೆ ತಿನ್ನೋಳು."

"ರುಚಿ ಸರಿಯಿದ್ಯಾ ಅಂತ ನೋಡೋಕೆ ಒಬ್ರು ಬೇಕಲ್ಲ" ಎಂದು ಅವಳು ಕಾಗದದ ತಟ್ಟೆಗೆ ಕೈ ಚಾಚಿದಳು. ಅವನು ಕೊಚ್ಚಿದ ಮಾಂಸ ಹಾಕಿ, ವಿನಿಗರು ಮೆಣಸಿನ ನೀರು ಚಿಮುಕಿಸಿ ಕೊಟ್ಟ. ಅವಳು ಎರಡು ತುತ್ತು ತಿಂದು, ಬೆರಳು ಒರೆಸಿಕೊಂಡು ತಟ್ಟೆಯನ್ನೇ ನೋಡಿದಳು.

"ಹೇಳು" ಎಂದ ಅವನು.

"ಚೆನ್ನಾಗಿದೆ. ಆದ್ರೆ ಬರೀ ಭುಜದ್ದು." ಅವಳು ತಟ್ಟೆ ಕೆಳಗಿಟ್ಟಳು. "ಶನಿವಾರ ಚರ್ಚಿನ ಕೂಟ ಅಣ್ಣ. ಊರು ಬಿಟ್ಟೋರೆಲ್ಲ ಬರ್ತಾರೆ. ಹೆಚ್ಚೂಕಡಿಮೆ ನಲವತ್ತು ವರ್ಷದಿಂದ ಆ ಓಕ್ ಮರದ ಕೆಳಗೆ ಇಡೀ ಹಂದಿ ಮಲಗಿಸಿದ್ದೀಯ. ಈ ವರ್ಷ ಏನು?"

"ಎಂಟು ಭುಜ ತರ್ತೀನಿ. ಎಲ್ರಿಗೂ ಸಾಕಾಗತ್ತೆ."

"ಸಾಕಾಗೋ ಮಾತಲ್ಲ. ಈ ವರ್ಷ ತೀರ್ಕೊಂಡೋರ ಹೆಸರು ಓದ್ತಾರೆ. ಒಡೆಸ್ಸಾ ಹೆಸರು ಓದೋ ದಿನ ಮೇಜಿನ ಮೇಲೆ ತುಂಡು ಇಡ್ತೀಯಾ ನೀನು?"

ಭುಜದ ತುಂಡನ್ನು ಒಬ್ಬನೇ ಎತ್ತಬಹುದು, ಒಬ್ಬನೇ ಮಗುಚಬಹುದು. ಅದಕ್ಕೇ ಆರು ತಿಂಗಳಿನಿಂದ ತೊಟ್ಟಿಯಲ್ಲಿ ಬರೀ ಭುಜ.

"ನಮ್ಮ ಚರ್ಚಿನ ಡೀಕನ್ ಹಾಬ್ಸ್ ಬರ್ತಾನಂತೆ ಕೈ ಹಾಕೋಕೆ" ಎಂದಳು ವರ್ಲೀನ್.

"ಅವ್ನು ಸೋಫಾ ಎತ್ತಿದ ಹಾಗೆ ಎತ್ತುತಾನೆ."

"ಅವನ ತಮ್ಮ?"

"ಅವ್ನು ಸೋಫಾ ಮೇಲೆ ಕೂತಿರ್ತಾನೆ."

ಅವಳು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು. "ರೂಡೆಲ್‌ಗೆ ಹೇಳ್ಲಾ?"

ಲೆಮ್ಯುಯೆಲ್ ತಟ್ಟೆಯನ್ನು ಎತ್ತಿ ಕಸದ ಡಬ್ಬಿಗೆ ಹಾಕಿದ. ಅದರಲ್ಲಿ ಇನ್ನೂ ಒಂದು ತುತ್ತು ಇತ್ತು. "ಕೆಂಡ ಆರ್ತಿದೆ" ಎಂದು ಹೇಳಿ ಹಿಂದಿನ ಬಾಗಿಲಿನಿಂದ ಇಳಿದುಹೋದ.

ರೂಡೆಲ್ ಒಡೆಸ್ಸಾಳ ತಮ್ಮ. ಹದಿನೆಂಟು ಮೈಲಿ ಆಚೆಯ ಊರಿನಲ್ಲಿ ಅವನದೂ ಇಂಥದೇ ಅಂಗಡಿ. ಹನ್ನೊಂದು ವರ್ಷದ ಕೆಳಗೆ ಅವನು ಕಟ್ಟಿಗೆ ಬಿಟ್ಟು ಗ್ಯಾಸಿನ ಒಲೆ ಹಾಕಿಸಿದ. ಅದೇ ವಾರ ಚಿಕ್ಕಪ್ಪನ ಸಾವಿನ ಊಟದಲ್ಲಿ, ನೆಂಟರೆಲ್ಲ ಕೂತಿದ್ದಾಗ, ಲೆಮ್ಯುಯೆಲ್ ಅವನು ತಂದ ಪಾತ್ರೆಯ ಮುಚ್ಚಳ ತೆಗೆದು ಮೂಸಿ, "ಹೊಗೆ ವಾಸನೆನೇ ಇಲ್ಲ, ಇದನ್ನ ಯಾವ ಆಸ್ಪತ್ರೆಯಿಂದ ತಂದೆ?" ಎಂದಿದ್ದ. ಎಲ್ಲರೂ ನಕ್ಕರು. ರೂಡೆಲ್ ಪಾತ್ರೆ ಎತ್ತಿಕೊಂಡು ಹೊರಟುಹೋದ. ಆಮೇಲೆ ತಿಂಗಳಿಗೊಂದು ಭಾನುವಾರ ಒಡೆಸ್ಸಾ ಒಬ್ಬಳೇ ತಮ್ಮನ ಮನೆಗೆ ಹೋಗಿ ಬರುತ್ತಿದ್ದಳು. ಆ ಮನೆಯ ಸುದ್ದಿ ಈ ಮನೆಗೆ ಬೇಡ ಎಂದು ಲೆಮ್ಯುಯೆಲ್ ಹೇಳಿದ್ದ. ಅವಳು ತಂದಿರಲೂ ಇಲ್ಲ.

ಶನಿವಾರ ಬೆಳಗಾಗುವ ಹೊತ್ತಿಗೆ ಹಂದಿ ಸಾಕುವ ಬಂಚ್ ತನ್ನ ಫಾರಂನಿಂದ ಹಂದಿ ತಂದ. ನೂರೈವತ್ತು ಪೌಂಡಿನದು, ಹೊಟ್ಟೆ ಸೀಳಿ ತೆರೆದಿಟ್ಟ ಪುಸ್ತಕದ ಹಾಗೆ ಹರಡಿಕೊಂಡಿತ್ತು. ಗಾಡಿಯ ಪಕ್ಕದ ಪೀಪಾಯಿಯಲ್ಲಿ ಹಿಕರಿ ಮರದ ಕೊರಡುಗಳು ಉರಿದು ಕೆಂಡವಾಗಿ ಕೆಳಗೆ ಬೀಳುತ್ತಿದ್ದವು. ಭುಜ ಬೇಡ, ಹಂದಿಯನ್ನೇ ತಾ, ಆದರೆ ನಡುವಿಗೆ ಕೊಯ್ದು ಎರಡು ಹೋಳು ಮಾಡಿಕೊಡು ಎಂದು ಲೆಮ್ಯುಯೆಲ್ ಹಿಂದಿನ ದಿನವೇ ಹೇಳಿದ್ದ. ಹೋಳಾದರೆ ಒಬ್ಬನ ಕೈಗೆ ಬರುತ್ತದೆ. ಬಂಚ್ ಗರಗಸವನ್ನು ಬೆನ್ನುಮೂಳೆಯ ಮೇಲಿಟ್ಟು, "ಇಲ್ಲೇನಾ?" ಎಂದು ಕೇಳಿದ.

ಲೆಮ್ಯುಯೆಲ್ ನೋಡುತ್ತಾ ನಿಂತ.

"ಹೇಳಪ್ಪ, ನಂಗೆ ಬೇರೆ ಕೆಲಸ ಇದೆ."

"ಬೇಡ" ಎಂದ. "ಹಾಗೇ ಇರಲಿ. ಆ ಕಡೆ ಹಿಡಿ."

ಇಬ್ಬರೂ ಸೇರಿ ಜಾಲರಿಯ ಮೇಲೆ ಮಾಂಸ ಕೆಳಗಾಗಿ, ತೊಗಲು ಮೇಲಾಗಿ ಮಲಗಿಸಿದರು. ಹಸಿ ಹಂದಿಯನ್ನು ಇಡುವುದು ಯಾರಿಂದಲಾದರೂ ಆಗುತ್ತದೆ. ಕಷ್ಟ ಇರುವುದು ಏಳು ಗಂಟೆ ಬೆಂದ ಮೇಲೆ. ಆಗ ಮೂಳೆಗಳು ಮಾಂಸದೊಳಗೆ ಸಡಿಲವಾಗಿ ಮಲಗಿರುತ್ತವೆ. ಮೇಲೆ ಇನ್ನೊಂದು ಜಾಲರಿ ಮುಚ್ಚಿ, ತಲೆಯ ಕಡೆ ಒಬ್ಬರು, ಬಾಲದ ಕಡೆ ಒಬ್ಬರು ನಿಂತು, ನಾಲ್ಕು ಮಣಿಕಟ್ಟೂ ಒಂದೇ ಗಳಿಗೆಗೆ ತಿರುಗಬೇಕು. ಒಬ್ಬರು ಕಣ್ಣು ಮಿಟುಕಿಸುವಷ್ಟು ಮುಂದಾದರೂ ಹಂದಿ ಹಂದಿಯಾಗಿ ಉಳಿಯುವುದಿಲ್ಲ.

ಬಂಚ್ ಹೋದ. ಮಧ್ಯಾಹ್ನ ಮಗುಚುವವರು ಯಾರು ಎಂದು ಲೆಮ್ಯುಯೆಲ್‌ಗೆ ಗೊತ್ತಿರಲಿಲ್ಲ. ಯೋಚಿಸಬಾರದೆಂದು ಅರ್ಧ ಗಂಟೆಗೊಮ್ಮೆ ಕೆಂಡ ಹಾಕುತ್ತಾ ಹೋದ. ಭುಜದ ಕೆಳಗೆ ಒಂದು ಸಲಿಕೆ, ತೊಡೆಯ ಕೆಳಗೆ ಒಂದು ಸಲಿಕೆ, ಹೊಟ್ಟೆಯ ಕೆಳಗೆ ಏನೂ ಇಲ್ಲ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಎನ್ನುವ ಸದ್ದಿನಿಂದಲೇ ಅವನಿಗೆ ಹೊತ್ತು ತಿಳಿಯುತ್ತಿತ್ತು.

ಹನ್ನೆರಡಕ್ಕೆ ಒಂದು ಹಳೆಯ ನೀಲಿ ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಅಂಗಿಯ ಉದ್ದನೆಯ ಮನುಷ್ಯ ಇಳಿದು, ಕಾರಿನ ಬಾಗಿಲು ಮುಚ್ಚದೆ ಅಲ್ಲೇ ನಿಂತ.

"ವರ್ಲೀನಮ್ಮ ಹೇಳಿದ್ಲು" ಎಂದ ರೂಡೆಲ್. "ವಾಪಸ್ ಹೋಗು ಅಂದ್ರೆ ಹೋಗ್ತೀನಿ ಭಾವ. ಆದ್ರೆ ಪೆಟ್ರೋಲ್ ನಿಂದು."

ಲೆಮ್ಯುಯೆಲ್ ಪೀಪಾಯಿಯ ಕಡೆ ಕೈ ತೋರಿಸಿದ. "ಹೆದರ್ಬೇಡ. ಬೆಂಕಿ ಬಿದ್ದಿಲ್ಲ. ಅದಕ್ಕೆ ಕಟ್ಟಿಗೆ ಅಂತಾರೆ."

"ಕೇಳಿದ್ದೀನಿ. ಹಿಂದಿನ ಕಾಲದೋರು ಉಪಯೋಗಿಸ್ತಿದ್ರಂತೆ."

ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ರೂಡೆಲ್ ಬಂದು ತೊಟ್ಟಿಯ ಮುಚ್ಚಳ ಎತ್ತಿ, ಎರಡು ಬೆರಳಿನಿಂದ ತೊಡೆಯನ್ನು ಒತ್ತಿ ನೋಡಿದ. "ಇನ್ನೊಂದು ಹತ್ತು ನಿಮಿಷ" ಎಂದ. ಲೆಮ್ಯುಯೆಲ್ ಮನಸ್ಸಿನಲ್ಲೂ ಅಷ್ಟೇ ಇತ್ತು. ಆ ಹತ್ತು ನಿಮಿಷ ಇಬ್ಬರೂ ಹೆದ್ದಾರಿ ನೋಡುತ್ತಾ ನಿಂತರು. ಮರ ತುಂಬಿದ ಲಾರಿಗಳು ಹೋದವು.

ಹೊತ್ತಾದ ಮೇಲೆ ರೂಡೆಲ್ ಟ್ರಕ್ಕಿನ ಮೊಳೆಗೆ ತೂಗುಹಾಕಿದ್ದ ಎರಡನೇ ಜೊತೆ ಕೈಗವಸಿಗೆ ಕೈ ಹಾಕಿದ. ಜಿಡ್ಡು ಕುಡಿದು ಗಟ್ಟಿಯಾಗಿದ್ದ ಅವು ಯಾವುದನ್ನೋ ಹಿಡಿದುಕೊಂಡ ಹಾಗೆ ಮಡಿಸಿಕೊಂಡಿದ್ದವು.

"ಅದು ಬೇಡ" ಎಂದ ಲೆಮ್ಯುಯೆಲ್.

ರೂಡೆಲ್ ಕೈ ಹಿಂತೆಗೆದು, ಪ್ಯಾಂಟಿನ ಹಿಂಜೇಬಿನಿಂದ ತನ್ನದೇ ಕೈಗವಸು ತೆಗೆದು ಹಾಕಿಕೊಂಡ. ಬಾಲದ ಕಡೆ ಹೋಗಿ ನಿಂತ. ಮೇಲಿನ ಜಾಲರಿ ಮುಚ್ಚಿದರು. ಹಿಡಿಗಳನ್ನು ಬಿಗಿ ಹಿಡಿದು ಮೇಲೆತ್ತಿದರು. ಭಾರ ಸಮನಾಗಿ ಹಂಚಿಕೊಂಡಿತು. ಫೆಬ್ರವರಿಯಿಂದ ಈಚೆಗೆ ಮೊದಲ ಸಲ ಮಗುಚುವ ಹೊತ್ತಿಗೆ ಭಾರದ ಇನ್ನೊಂದು ತುದಿಯಲ್ಲಿ ಯಾರೋ ಇದ್ದರು.

"ಒಂದು" ಎಂದ ಲೆಮ್ಯುಯೆಲ್. "ಎರಡು."

ಅವನ ಮಣಿಕಟ್ಟು ತಿರುಗಿತು. ರೂಡೆಲ್ ಮೂರಕ್ಕೆ ಕಾಯುತ್ತಿದ್ದ.

ಒದ್ದೆ ಬಟ್ಟೆ ಹರಿದ ಹಾಗೆ ಸದ್ದಾಯಿತು. ಜಾಲರಿಗಳು ಹಗ್ಗದಂತೆ ತಿರುಚಿಕೊಂಡವು. ಹಂದಿಯ ಬೆನ್ನು ಭುಜದ ಹಿಂದೆ ಅಡ್ಡಕ್ಕೆ ಮುರಿದು, ಕೊಬ್ಬು ಒಮ್ಮೆಗೇ ಕೆಂಡದ ಮೇಲೆ ಸುರಿದು ಬೆಂಕಿ ಎದೆಯೆತ್ತರ ಎದ್ದಿತು. "ಈ ಕಡೆ, ಈ ಕಡೆ!" ಎಂದು ಕೂಗುತ್ತಾ ರೂಡೆಲ್ ಹೇಗೋ ತನ್ನ ತುದಿಯನ್ನು ತಿರುಗಿಸಿ ಇಳಿಸಿದ. ಲೆಮ್ಯುಯೆಲ್ ಸಲಿಕೆಯಿಂದ ಬೂದಿ ಎಸೆದ. ಮುಚ್ಚಳ ಹಾಕಿದರು. ಹೊಗೆ ಅಂಚುಗಳಿಂದ ಸೋರಿತು.

"ಮೂರು ಎಲ್ಲಿ ಹೋಯ್ತು ಭಾವ?" ಎಂದ ರೂಡೆಲ್, ಏದುಸಿರು ಬಿಡುತ್ತಾ.

ಲೆಮ್ಯುಯೆಲ್ ತನ್ನ ಕೈಗಳನ್ನೇ ನೋಡಿಕೊಂಡ. "ಮೂರು ಇಲ್ಲ" ಎಂದ. "ನಮ್ದು ಎರಡೇ."

ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ಅವನಿಗೆ ತೋಚಿರಲಿಲ್ಲ. ಮದುವೆಯಾದ ವರ್ಷ ಅವನೂ ಮೂರರ ತನಕ ಎಣಿಸುತ್ತಿದ್ದ; ಅವಳು ಎರಡಕ್ಕೇ ತಿರುಗಿಸಿಬಿಡುತ್ತಿದ್ದಳು. ಅವನ ಎಡಗೈ ಮಣಿಕಟ್ಟಿನ ಮೇಲಿನ ಸುಟ್ಟ ಕಲೆ ಆಗಿನದು. ಅವಳು ಬದಲಾಗಲಿಲ್ಲ. ಅವನು ಮೂರನ್ನು ಬಿಟ್ಟ.

ರೂಡೆಲ್ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಇಸ್ತ್ರಿಯ ಮೇಲೆ ಮಸಿ ಬಳಿದುಕೊಂಡಿತು.

"ನದಿ ಸೇತುವೆ ಮೇಲೆ ನಾವಿಬ್ರೂ ನಿಂತ್ಕೊತಿದ್ವಿ" ಎಂದ. "ಮೂರು ಅಂದಾಗ ಇಬ್ರೂ ಹಾರೋದು ಅಂತ ಮಾತು. ಎರಡಕ್ಕೇ ಅವಳು ನೀರಲ್ಲಿ ಇರ್ತಿದ್ಲು. ಪ್ರತಿ ಸಲ. ನಾನು ದಡ್ಡನ ಹಾಗೆ ಮೇಲೆ ಒಬ್ನೇ ನಿಂತು ಮೂರು ಅಂತಿದ್ದೆ."

"ನಂಗೆ ಹೇಳಿರ್ಲಿಲ್ಲ ಅವ್ಳು."

"ನೀನು ಕೇಳಿರಲ್ಲ."

ಲೆಮ್ಯುಯೆಲ್ ಪೀಪಾಯಿಗೆ ಇನ್ನೊಂದು ಕೊರಡು ಹಾಕಿದ.

ಸಂಜೆ ಐದಕ್ಕೆ ಓಕ್ ಮರದ ಕೆಳಗಿನ ಮೇಜಿನ ಮೇಲೆ ಹಂದಿಯನ್ನು ಮಲಗಿಸಿದರು. ಮುರಿದ ಎರಡು ಭಾಗಗಳನ್ನು ಒತ್ತಿ ಕೂಡಿಸಿದ್ದರೂ ನಡುವೆ ಅಂಗೈಯಗಲ ಬಿರುಕು ಕಾಣುತ್ತಿತ್ತು. ಅಕ್ಕಪಕ್ಕದಲ್ಲಿ ಮೆಕ್ಕೆಜೋಳದ ರೊಟ್ಟಿ, ಎಲೆಕೋಸಿನ ಕೋಸಂಬರಿ, ಗೆಣಸಿನ ಸಿಹಿ. ವರ್ಲೀನ್ ಒಂದು ಹಿಡಿ ಸೊಪ್ಪು ತಂದು ಬಿರುಕಿನ ಮೇಲೆ ಹರಡಲು ಹೋದಳು.

"ಮುಚ್ಚಬೇಡಮ್ಮ" ಎಂದ ಲೆಮ್ಯುಯೆಲ್.

"ಜನ ನೋಡ್ತಾರಣ್ಣ."

"ನೋಡ್ಲಿ."

ಪಾದ್ರಿ ಹೆಸರು ಓದಿದರು. ಆ ವರ್ಷ ಐದು ಜನ. ಒಂದೊಂದು ಹೆಸರಿಗೂ ಚರ್ಚಿನ ಗಂಟೆ ಒಂದು ಸಲ. ಒಡೆಸ್ಸಾ ರೂತ್ ಆರ್ಟಿಸ್ ನಾಲ್ಕನೆಯವಳು. ಗಂಟೆ ಬಾರಿಸಿದಾಗ ಲೆಮ್ಯುಯೆಲ್‌ನ ಬಲಗಾಲು ಅರ್ಧ ಹೆಜ್ಜೆ ಮುಂದೆ ಹೋಯಿತು, ಕಿಟಕಿಗೆ ಯಾರೋ ಬಂದರು ಎನ್ನುವ ಹಾಗೆ. ಅಲ್ಲೇ ತಡೆದುಕೊಂಡ.

ಮೊದಲ ಚೂರು ಕೀಳುವುದು ಚರ್ಚಿನ ಹಿರಿಯರು. ತೊಂಬತ್ತನಾಲ್ಕು ವರ್ಷದ ಐಡಾ ಪರ್ಲ್ ಅಜ್ಜಿಯನ್ನು ಇಬ್ಬರು ಹಿಡಿದು ತಂದರು. ಅಜ್ಜಿಗೆ ಕಣ್ಣು ಮಂಜು. ಮೇಜಿನ ಅಂಚು ಹಿಡಿದು, ಹಂದಿಯ ಮೇಲೆ ತಲೆಯ ಕಡೆಯಿಂದ ಕೈಯಾಡಿಸುತ್ತಾ ಬಂದಳು. ಬೆರಳುಗಳು ಬಿರುಕಿಗೆ ಬಂದು ನಿಂತವು.

"ಇದು ಯಾರು ಮಗುಚಿದ್ದು?"

ಡೀಕನ್ ಹಾಬ್ಸ್ ಕೆಮ್ಮಿದ.

"ನಾನೇ ಅಜ್ಜಿ" ಎಂದ ಲೆಮ್ಯುಯೆಲ್.

"ಹೂಂ" ಎಂದಳು ಅಜ್ಜಿ. "ಅವಳಿಲ್ಲ ಅಂತ ಕೈಗೇ ಗೊತ್ತಾಗ್ತಿದೆ." ಆ ಬಿರುಕಿನ ಅಂಚಿನಿಂದಲೇ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ದವಡೆಯಿಂದ ಬಹಳ ಹೊತ್ತು ಅಗಿದಳು. ಆಮೇಲೆ ಜನ ಸಾಲಾಗಿ ಬಂದರು.

ಬೆಳಕು ಇಳಿಯುವ ಮೊದಲು ರೂಡೆಲ್ ಕಾರಿನ ಹತ್ತಿರ ಹೋದ. ಲೆಮ್ಯುಯೆಲ್ ಒಂದು ಪೊಟ್ಟಣದಲ್ಲಿ ಗರಿಗರಿ ತೊಗಲು ಕಟ್ಟಿ ತಂದುಕೊಟ್ಟ. ರೂಡೆಲ್ ಅಲ್ಲೇ ಒಂದು ಮುರಿದು ತಿಂದ.

"ಹೊಗೆ ಜಾಸ್ತಿಯಾಯ್ತು."

"ನಿನ್ನ ನಾಲಿಗೆ ಕೆಟ್ಟಿದೆ."

ಇಬ್ಬರೂ ನೆಲ ನೋಡಿದರು. ಲೆಮ್ಯುಯೆಲ್ ಕಾರಿನ ಚಾವಣಿಯ ಮೇಲೆ ಕೈಯಿಟ್ಟ. "ಗುರುವಾರಕ್ಕೆ ಬಂಚ್ ಹತ್ರ ಇನ್ನೊಂದು ಹಂದಿ ಹೇಳ್ಬಹುದು. ಚಿಕ್ಕದು. ಎಣಿಕೆ ಬೇಕಾದ್ರೆ ನೀನೇ ಮಾಡು."

ರೂಡೆಲ್ ಪೊಟ್ಟಣವನ್ನು ಮಡಿಸಿ ಕಾರಿನೊಳಗಿಟ್ಟ. "ಅಂಗಡಿ ಮಾರ್ಬಿಟ್ಟೆ ಭಾವ. ಮಂಗಳವಾರ ಮಗಳು ಬರ್ತಾಳೆ ಕರ್ಕೊಂಡು ಹೋಗೋಕೆ. ಅಟ್ಲಾಂಟಾಗೆ. ಅಲ್ಲೇ ಇನ್ಮೇಲೆ." ಕಾರಿನ ಬಾಗಿಲು ಹಿಡಿದು, "ಒಡೆಸ್ಸಾಗೆ ಕ್ರಿಸ್‌ಮಸ್ ಹೊತ್ತಿಗೇ ಹೇಳಿದ್ದೆ" ಎಂದ.

"ಹೌದಾ" ಎಂದ ಲೆಮ್ಯುಯೆಲ್.

ನೀಲಿ ಕಾರು ಹುಲ್ಲಿನ ಮೇಲೆ ಹಿಂದಕ್ಕೆ ಸರಿದು, ತಿರುಗಿ, ಹೆದ್ದಾರಿಗೆ ಸೇರಿತು.

ಗುರುವಾರ ತೊಟ್ಟಿಯಲ್ಲಿ ಆರು ಭುಜಗಳಿದ್ದವು. ಗಾಳಿ ಇರಲಿಲ್ಲ. ಮುಚ್ಚಳ ಎತ್ತಿದಾಗ ಹೊಗೆ ಮೆಲ್ಲಗೆ ಮೇಲೆದ್ದು, ಬಾಲದ ಕಡೆಯವರು ನಿಲ್ಲುವ ಜಾಗದ ಮೇಲೆ ಹರಡಿಕೊಂಡಿತು. ಅಲ್ಲಿ ನೆಲ ಎರಡು ಪಾದಗಳ ಅಗಲಕ್ಕೆ ಹುಲ್ಲು ಬೆಳೆಯದೆ ಸವೆದಿತ್ತು. ಲೆಮ್ಯುಯೆಲ್ ಮೊದಲ ತುಂಡಿಗೆ ಎರಡೂ ಕೈ ಹಾಕಿದ.

"ಒಂದು" ಎಂದ, ಗಟ್ಟಿಯಾಗಿ. "ಎರಡು."

ಮಗುಚಿದ. ಮುಂದಿನದಕ್ಕೆ ಕೈ ಹಾಕಿದ. ಕಿಟಕಿಯ ಗಂಟೆ ಬಾರಿಸಿತು. ಅವನು ಹೋಗಲಿಲ್ಲ, ಇನ್ನೂ ಐದು ಉಳಿದಿದ್ದವು.