ಮೂಲೆ ಮುರಿದಿದ್ದರೆ ಥೈರಾಯ್ಡ್

ಮೇಣದಕ್ಕನಿಗೆ ಆ ಹೆಸರು ಬಂದದ್ದು ಅವಳ ಕೆಲಸದಿಂದ. ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಅವಳು ಮಾಡುತ್ತಿದ್ದದ್ದು ಒಂದೇ: ಮನುಷ್ಯನ ಮೈಯ ಚೂರುಗಳನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಯೂ ನಾಚುವಷ್ಟು ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಹತ್ತಿಸಿ, ಬಣ್ಣ ಹಾಕುವುದು. ಮೊದಲ ವರ್ಷದ ಮಕ್ಕಳು ಆ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಯಕೃತ್ತು, ಇದು ಮೂತ್ರಪಿಂಡ ಎಂದು ಗುರುತಿಸಬೇಕು. ಗುರುತಿಸುತ್ತಿದ್ದರು ಕೂಡ. ಮೈಕ್ರೋಸ್ಕೋಪು ಮಾತ್ರ ಅವರಿಗೆ ಬೇಕಾಗುತ್ತಿರಲಿಲ್ಲ.

ಸ್ಲೈಡುಗಳೆಲ್ಲ ಹಳೆಯವು. ಎಡಗಡೆ ಗೀರಿದ್ದರೆ ಯಕೃತ್ತು, ನೀಲಿ ಶಾಯಿ ಮೆತ್ತಿದ್ದರೆ ಶ್ವಾಸಕೋಶ, ಗಾಜಿನಡಿ ಗಾಳಿಗುಳ್ಳೆ ಇದ್ದರೆ ಮೂತ್ರಪಿಂಡ. ಈ ಮಹಾಜ್ಞಾನ ಒಂದು ನೋಟ್‌ಬುಕ್ಕಿನಲ್ಲಿ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತಿತ್ತು. ಪರೀಕ್ಷೆಯ ದಿನ ಬರಿಗಣ್ಣಿನಲ್ಲಿ ಉತ್ತರ ಕಂಡುಕೊಂಡು, ಮರ್ಯಾದೆಗೆ ಎರಡು ನಿಮಿಷ ಮೈಕ್ರೋಸ್ಕೋಪಿಗೆ ಬಗ್ಗಿ ಎದ್ದುಬಿಡುತ್ತಿದ್ದರು. ಹೀಗೆ ಪಾಸಾದವರು ಈಗ ನಾಲ್ಕಾರು ಊರುಗಳಲ್ಲಿ ದೊಡ್ಡ ದೊಡ್ಡ ಬೋರ್ಡು ಹಾಕಿಕೊಂಡು ಕೂತಿದ್ದಾರೆ.

ವಿಭಾಗದ ದೊಡ್ಡ ಮೇಷ್ಟ್ರಿಗೆ ಇದರ ಸುಳಿವಿರಲಿಲ್ಲ. ಅವರು ಭ್ರೂಣದಲ್ಲಿ ಮುಳುಗಿದ್ದರು. ಪಕ್ಕದ ಕೋಣೆಯಲ್ಲಿ ವರ್ಷಾವರ್ಷ ಅದೇ ಪಾಠ. ಗೋಡೆಯಾಚೆಗಿದ್ದ ಮೇಣದಕ್ಕನಿಗೆ ಬಾಯಿಪಾಠವಾಗಿತ್ತು. ಮೂರನೇ ವಾರದಲ್ಲಿ ಮನುಷ್ಯನೆಂದರೆ ಮೂರು ಪದರ, ಅಷ್ಟೆ. ಹೊರಗಿನ ಪದರದಿಂದಲೇ ಚರ್ಮ, ಅದರಿಂದಲೇ ಮೆದುಳು. ಕೆಲವರಲ್ಲಿ ಎರಡೂ ದಪ್ಪವಾಗಿರುವುದಕ್ಕೆ ಇದೇ ಕಾರಣ ಎಂದು ಮೇಷ್ಟ್ರು ಹೇಳಿ ತಾವೇ ನಗುತ್ತಿದ್ದರು. ಐದನೇ ವಾರದಲ್ಲಿ ಮಂತ್ರಿಗೂ ಬಾಲ, ಜವಾನನಿಗೂ ಬಾಲ. ಆಮೇಲೆ ಕರಗುತ್ತದೆ, ಅಲ್ಲಾಡಿಸುವ ಅಭ್ಯಾಸ ಮಾತ್ರ ಕೆಲವರಲ್ಲಿ ಉಳಿದುಬಿಡುತ್ತದೆ.

ಹದಿನಾಲ್ಕು ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ಇದ್ದ. ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಮೂರನೇ ಸಲವೂ ಹೋದರೆ ಕಾಲೇಜಿನಿಂದಲೇ ಹೊರಗೆ. ಎಲ್ಲರೂ ಅವನನ್ನು ಮೂರನೇಸಲ ಎಂದೇ ಕರೆಯುತ್ತಿದ್ದರು. ಅಂಥವನ ಕೈಗೆ ನೋಟ್‌ಬುಕ್ ಯಾರು ಕೊಡುತ್ತಾರೆ? ಭ್ರೂಣದ ಪಾಠ ಅರಳು ಹುರಿದಂತೆ ಹೇಳುತ್ತಿದ್ದ ಹುಡುಗ, ಮೈಕ್ರೋಸ್ಕೋಪಿನ ಮುಂದೆ ಕೂತರೆ ಮುಗಿಯಿತು. ಥೈರಾಯ್ಡ್ ತೋರಿಸಿದರೆ ಹಾಲೂಡಿಸುವ ಸ್ತನ ಎಂದ. ಎರಡೂ ದುಂಡು ದುಂಡು ಗೂಡುಗಳೇ ಸರಿ, ಆದರೆ ಎರಡು ಸಲವೂ ಹಾಗೇ ಹೇಳಿದ ಮೇಲೆ ಮೇಷ್ಟ್ರು ಅವನನ್ನು ಒಂದು ಥರ ನೋಡತೊಡಗಿದರು.

ಪರೀಕ್ಷೆಯ ಹಿಂದಿನ ದಿನ ಅವನು ಲ್ಯಾಬಿನ ಸಿಂಕಿನ ಪಕ್ಕ ನಿಂತು ಬಿಕ್ಕಿ ಬಿಕ್ಕಿ ಅತ್ತ. ಮೇಣದಕ್ಕನ ಕರುಳು ಚುರ್ರೆಂದಿತು. ಗಾಜು ಕೊಯ್ಯುವ ಪೆನ್ನಿನಿಂದ ಥೈರಾಯ್ಡ್ ಸ್ಲೈಡಿನ ಮೂಲೆಯನ್ನು ಚಿಟಕ್ಕನೆ ಮುರಿದಳು. “ಮೂಲೆ ಮುರಿದಿದ್ರೆ ಥೈರಾಯ್ಡ್. ಮುಖ ತೊಳ್ಕೊಂಡು ಮನೆಗೆ ಹೋಗು” ಎಂದಳು. ಅವನು ಪಾಸಾದ. ಅವಳೂ ಮರೆತಳು.

ಈ ವರ್ಷ ಅವಳ ಗಂಟಲಿನ ನಡುವೆ ನೆಲ್ಲಿಕಾಯಿ ಗಾತ್ರದ ಗಡ್ಡೆ ಎದ್ದಿತು. ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮ ನಾಲಿಗೆ ಚಾಚಲು ಹೇಳಿದರು. ಚಾಚಿದರೆ ಗಡ್ಡೆ ಮೇಲಕ್ಕೆ ಹೋಯಿತು, ಒಳಗೆಳೆದರೆ ಕೆಳಗೆ ಬಂತು. ಸುದ್ದಿ ಹರಡಿದ್ದೇ ತಡ, ಕಾಲೇಜಿಗೆ ಕಾಲೇಜೇ ಅವಳ ನಾಲಿಗೆ ನೋಡಲು ಸಾಲುಗಟ್ಟಿತು. ಮನೆಯಲ್ಲಿ ನಾದಿನಿ ಎರಡು ಸಲ ನೋಡಿದಳು, ಅತ್ತಿಗೆಯಿಂದ ನಾಲಿಗೆ ಚಾಚಿಸಿಕೊಳ್ಳುವ ಅವಕಾಶ ಮತ್ತೆಲ್ಲಿ ಸಿಗುತ್ತದೆ.

ಥೈರಾಯ್ಡ್ ಹುಟ್ಟುವುದು ನಾಲಿಗೆಯ ಬುಡದಲ್ಲಿ. ಗರ್ಭದ ನಾಲ್ಕನೇ ವಾರ ಅಲ್ಲಿಂದ ಹೊರಟು ಗಂಟಲಿಗೆ ಇಳಿಯುತ್ತದೆ, ಬಂದ ದಾರಿ ಹಿಂದೆಯೇ ಮುಚ್ಚಿಕೊಳ್ಳಬೇಕು. ಅವಳಲ್ಲಿ ಮುಚ್ಚಿರಲಿಲ್ಲ, ಅಲ್ಲೇ ನೀರು ತುಂಬಿ ಗಡ್ಡೆಯಾಗಿತ್ತು. ಬಸ್ ಡ್ರೈವರ್ ಆಗಿದ್ದ ಅವಳ ಗಂಡನಿಗೆ ಇದು ತಕ್ಷಣ ಅರ್ಥವಾಯಿತು: ಹುಟ್ಟೋ ಮೊದಲೇ ಅಗೆದ ರಸ್ತೆ, ಐವತ್ತಮೂರು ವರ್ಷ ಆದ್ರೂ ಗುಂಡಿ ಮುಚ್ಚಿಲ್ಲ ಎಂದ.

ಗಡ್ಡೆ ತೆಗೆದರು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಏನೂ ಇರುವುದಿಲ್ಲ, ಆದರೂ ಕೊಯ್ದು ನೋಡಬೇಕು ಎಂದರು ಡಾಕ್ಟರಮ್ಮ. ನೋಡಿ ವರದಿ ಬರೆಯುವವರು ರೋಗಶಾಸ್ತ್ರ ವಿಭಾಗಕ್ಕೆ ಮೂರು ತಿಂಗಳ ಹಿಂದೆ ಬಂದ ಹೊಸ ಡಾಕ್ಟರು. ಯಾರೆಂದು ವಿಚಾರಿಸಿದರೆ, ಮೂರನೇಸಲ.

ಆ ಮಧ್ಯಾಹ್ನ ಮೇಣದಕ್ಕನಿಗೆ ಊಟ ಸೇರಲಿಲ್ಲ. ಥೈರಾಯ್ಡ್ ಯಾವುದು ಸ್ತನ ಯಾವುದು ಗೊತ್ತಿಲ್ಲದವನ ಕೈಯಲ್ಲಿ ಅವಳ ಜೀವ. ಬೇರೆಯವರಿಗೆ ಕೊಡಿ ಎಂದರೆ ಯಾಕೆ ಎಂದು ಕೇಳುತ್ತಾರೆ. ನಾನೇ ಮೂಲೆ ಮುರಿದು ಪಾಸು ಮಾಡಿಸಿದೆ ಎಂದು ಹೇಳಿದರೆ ಇಪ್ಪತ್ತಾರು ವರ್ಷದ ನೌಕರಿ ಹೋಗುತ್ತದೆ. ಗಂಡನ ಹತ್ತಿರ ತೋಡಿಕೊಂಡಳು. ಅವನು ಮಾಡಿದ್ದುಣ್ಣೋ ಮಹಾರಾಯ ಎಂದು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿ, ಅವಳ ಕೈ ಹಿಡಿದು ಕೂತ.

ತನ್ನ ಗಡ್ಡೆಯನ್ನು ತಾನೇ ಕೊಯ್ಯುವುದಾಗಿ ಹಟ ಹಿಡಿದಳು. ಆ ವಿಭಾಗದ ತಂತ್ರಜ್ಞ ರಜೆಯಲ್ಲಿದ್ದುದರಿಂದ ಯಾರೂ ತಡೆಯಲಿಲ್ಲ. ಮೇಣದಲ್ಲಿ ಹುದುಗಿಸಿ, ಕೊಯ್ದು, ಬಣ್ಣ ಹಾಕಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೊದಲು ತಾನೇ ನೋಡಿದಳು. ಗಡ್ಡೆಯ ಒಳಗೋಡೆ ಚೊಕ್ಕ. ಗೋಡೆಯೊಳಗೆ ಅಲ್ಲಲ್ಲಿ ಥೈರಾಯ್ಡಿನ ದುಂಡು ಗೂಡುಗಳು, ದಾರಿಯಲ್ಲಿ ಉದುರಿ ಉಳಿದವು. ಕೆಟ್ಟದ್ದೇನೂ ಇಲ್ಲ. ನಿಟ್ಟುಸಿರು ಬಿಟ್ಟಳು. ಇನ್ನು ಪರೀಕ್ಷೆ ಇದ್ದದ್ದು ಅವನಿಗೆ. ಅವನು ಇದನ್ನು ಸ್ತನ ಎಂದರೆ ನೇರ ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿಬಿಡುವುದು, ನೌಕರಿ ಹಾಳಾಗಿ ಹೋಗಲಿ ಎಂದು ತೀರ್ಮಾನಿಸಿದಳು. ಇವನಿನ್ನೆಷ್ಟು ಜನರ ಸ್ಲೈಡು ನೋಡುತ್ತಿದ್ದಾನೋ ಎಂಬ ಯೋಚನೆ ಅವಳಿಗೆ ಬಂದದ್ದು ಆಗಲೇ. ಅದು ತನ್ನ ಗಡ್ಡೆಗಿಂತ ಹೆಚ್ಚು ಹೆದರಿಸಿತು.

ಮೂರನೇಸಲನ ತಲೆ ಅರ್ಧ ಬೋಳಾಗಿತ್ತು. ಅವಳನ್ನು ಕಂಡವನೇ ಎದ್ದು ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಏನೂ ಕೇಳದೆಯೇ ಶುರು ಮಾಡಿದ.

“ಅಕ್ಕ, ಅವತ್ತು ನಾನು ಸ್ಲೈಡ್ ನೋಡ್ಲೇ ಇಲ್ಲ. ಪಾಸಾದ್ಮೇಲೆ ಭಯ ಹಿಡೀತು. ಈಗ್ಲೂ ಪ್ರತಿಯೊಂದನ್ನೂ ಎರಡು ಸಲ ನೋಡ್ತೀನಿ.”

“ಮಾತು ಸಾಕು ಡಾಕ್ಟ್ರೇ, ನೋಡಿ” ಎಂದಳು.

ಅಲ್ಲಿದ್ದದ್ದು ಇಬ್ಬರು ಒಟ್ಟಿಗೆ ನೋಡುವ ಮೈಕ್ರೋಸ್ಕೋಪು. ಎದುರು ಬದುರು ಕೂತು ಬಗ್ಗಿದರು. ಅವನು ಸ್ಲೈಡನ್ನು ಮೆಲ್ಲಗೆ ಸರಿಸುತ್ತ ಹೋದ. ಒಳಗೋಡೆ ಎಂದ, ಸರಿ. ಥೈರಾಯ್ಡ್ ಎಂದ, ಸರಿ. ಮೇಣದಕ್ಕನಿಗೆ ಎದೆಯ ಮೇಲಿನ ಬಂಡೆ ಸರಿಸಿದಂತಾಯಿತು; ಅಂತೂ ಕಲಿತಿದ್ದಾನೆ ಮುಂಡೇದು. ಗೋಡೆಯ ಕೊನೆಯವರೆಗೂ ಹೋಗಿ, ಹೇಳಿದಂತೆಯೇ ಮತ್ತೆ ಮೊದಲಿನಿಂದ ನೋಡಿದ. ಎರಡನೇ ಸಲ ಒಂದು ಜಾಗದಲ್ಲಿ ಅವನ ಕೈ ನಿಂತಿತು. ದೊಡ್ಡದು ಮಾಡಿ ನೋಡಿದ.

“ಏನು?” ಎಂದಳು.

“ಅಕ್ಕ, ಇಲ್ಲೊಂದು ಚೂರು ಸರಿಯಿಲ್ಲ. ಸಾಸಿವೆ ಕಾಳಷ್ಟೂ ಇಲ್ಲ, ಆದ್ರೆ ಇದು ಕ್ಯಾನ್ಸರ್ ಅನ್ಸುತ್ತೆ. ಹೆದರಬೇಡಿ, ಅಂಚಿಗೆ ಮುಟ್ಟಿಲ್ಲ, ಪೂರ್ತಿ ಹೊರಗೆ ಬಂದಿದೆ. ಇನ್ನಷ್ಟು ಆಳಕ್ಕೆ ಕೊಯ್ದು ನೋಡೋಣ, ನಮ್ಮ ಹಿರಿಯರಿಗೂ ತೋರಿಸ್ತೀನಿ. ವಾಸಿ ಆಗೋ ಜಾತೀದು ಅಕ್ಕ. ಆದ್ರೆ ಬಿಟ್ಟಿದ್ರೆ ಕಷ್ಟ ಆಗೋದು.”

ಇವನು ಜಾಣನಾಗಿರಲಿ ಎಂದು ಇಷ್ಟು ದಿನ ಬೇಡಿಕೊಂಡಿದ್ದ ಮೇಣದಕ್ಕ ಈಗ ಇವನು ದಡ್ಡನೇ ಆಗಿರಲಿ ದೇವರೇ ಎಂದು ಬೇಡಿಕೊಂಡಳು. ಈ ನಾಲ್ಕನೇ ಸಲ ಫೇಲಾಗಲಿ. ನಾನೇ ನೋಡಿದ್ದೇನೆ, ಏನೂ ಇರಲಿಲ್ಲ.

ಬಗ್ಗಿ ಮತ್ತೆ ನೋಡಿದಳು. ತಾನು ಬೆಳಿಗ್ಗೆ ದಾಟಿ ಹೋಗಿದ್ದ ಜಾಗವದು. ಅಲ್ಲಿ ಗೂಡುಗಳು ದುಂಡಗಿರಲಿಲ್ಲ, ಬೆರಳು ಬೆರಳಾಗಿ ಚಾಚಿದ್ದವು. ಜೀವಕೋಶಗಳು ಒಂದರ ಮೇಲೊಂದು ಏರಿದ್ದವು, ಒಳಗೆ ಬಣ್ಣವೇ ಹಿಡಿಯದೆ ಖಾಲಿ ಖಾಲಿ. ಬೇರೆಯವರ ಮೈಯದ್ದಾಗಿದ್ದರೆ ಅವಳು ಮೊದಲ ನೋಟಕ್ಕೇ ಹಿಡಿಯುತ್ತಿದ್ದಳು. ತನ್ನದಾದ್ದರಿಂದ ಬೇಕಾದ್ದನ್ನಷ್ಟೇ ನೋಡಿದ್ದಳು. ಎಷ್ಟು ಹೊತ್ತು ನೋಡಿದರೂ ಅದು ಬದಲಾಗಲಿಲ್ಲ. ತಲೆ ಎತ್ತಿದಾಗ ಅವನು ಅವಳ ಬಾಯನ್ನೇ ನೋಡುತ್ತಿದ್ದ, ಪರೀಕ್ಷೆಯಲ್ಲಿ ಮೇಷ್ಟ್ರ ಬಾಯನ್ನು ನೋಡುತ್ತಿದ್ದ ಹಾಗೆ.

“ಸರಿಯಾಗಿ ಹೇಳಿದೆ ಕಣೋ” ಎಂದಳು.

ಆ ಕಟ್ಟಡದಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಡಾಕ್ಟರು ಮುಖ ಮುಚ್ಚಿಕೊಂಡು ಹೋ ಎಂದು ಅತ್ತುಬಿಟ್ಟ. ಅಳಬೇಕಾದವಳು ಅವಳು. ಆದರೆ ಇಬ್ಬರೂ ಅತ್ತರೆ ಕೆಲಸ ಮಾಡುವವರು ಯಾರು? ಅವನ ತಲೆಯನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದಳು.

“ಲೆನ್ಸಿನ ಮೇಲೆ ಕಣ್ಣೀರು ಬೀಳ್ಸಬೇಡ, ಹಾಳಾಗುತ್ತೆ” ಎಂದು ಹೇಳಿ, ಇನ್ನಷ್ಟು ಆಳಕ್ಕೆ ಕೊಯ್ಯಲು ಹೋದಳು.