ಬಸದಿ ಹಿಡ್ಕೋ ಅಂದರು

ತೊಂಬತ್ತೆಂಟರಲ್ಲಿ ಭೀಮರಾಜ್ ಗೈಡ್ ತರಬೇತಿ ಮುಗಿಸಿ ಬಂದಾಗ ಹಳೇಬೀಡಿನ ದೊಡ್ಡ ದೇವಸ್ಥಾನದ ಬಾಗಿಲಲ್ಲಿ ಆಗಲೇ ಗೈಡುಗಳ ಸಾಲು ನಿಂತಿತ್ತು. ಬಸ್ಸು ಬಂದರೆ ಹಿರಿಯನಿಗೆ ಮೊದಲ ಸರದಿ, ಹೊಸಬನಿಗೆ ಕೊನೆಯದು. ಸರದಿ ಹಂಚುವವರು ಬೇಲೂರಿನ ಅನಂತಸ್ವಾಮಿ. ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ, ಅವರೂ ಯಾರಿಗೂ ಕಾರಣ ಹೇಳುತ್ತಿರಲಿಲ್ಲ. ದೊಡ್ಡವರು ಅನ್ನಿಸಿಕೊಂಡವರ ಕಾಯಿಲೆಯೇ ಅದು.

ಮೊದಲ ದಿನವೇ ಅವರು ಭೀಮರಾಜನನ್ನು ಪಕ್ಕಕ್ಕೆ ಕರೆದರು. "ಇಲ್ಲಿ ನಿಂತು ಯಾಕೆ ಸೊರಗ್ತೀಯ? ಬಸದಿ ಹಿಡ್ಕೋ. ಅದನ್ನೇ ಚೆನ್ನಾಗಿ ಕಲಿ."

ಭೀಮರಾಜನಿಗೆ ಮೈ ಉರಿಯಿತು. ಜೈನ ಬಸದಿಯ ಕಡೆ ಹೋಗುವ ಜನ ಬೆರಳೆಣಿಕೆಯಷ್ಟು. ನಗುನಗುತ್ತಲೇ ಬಾಗಿಲಿಂದಾಚೆ ತಳ್ಳುತ್ತಿದ್ದಾರೆ ಅಂದುಕೊಂಡ. ತಾಯಿ ರುದ್ರಮ್ಮನದೂ ಅದೇ ಮಾತು. "ನಿಮ್ಮಪ್ಪನ್ನ ಅವ್ರ ಜಾತಿ ಜನ ಮನೆ ಹೊಸ್ಲು ದಾಟಕ್ಕೆ ಬಿಡ್ಲಿಲ್ಲ. ಈಗ ನಿನ್ ಮ್ಯಾಲೆ ಪ್ರೀತಿ ಉಕ್ಕಿ ಬಂತಾ? ಅದ್ರಲ್ಲಿ ಏನೋ ಐತೆ ಕಣೋ."

ಅವನು ಬಾಗಿಲು ಬಿಡಲಿಲ್ಲ. ಅವನಿಗೆ ಬೇಕಿದ್ದದ್ದು ಒಂದೇ: ಬಸ್ಸಿಳಿದವರು ಹೆಸರು ಹಿಡಿದು ತನ್ನನ್ನು ಕೇಳಬೇಕು. ಎರಡು ವರ್ಷ ನಿಂತರೂ ಯಾರೂ ಕೇಳಲಿಲ್ಲ. ಎಲ್ಲರೂ ಹೇಳುವ ಕತೆಯನ್ನೇ ಇವನೂ ಹೇಳುತ್ತಿದ್ದ. ಅಷ್ಟರಲ್ಲಿ ಅನಂತಸ್ವಾಮಿಯ ತಂಗಿಯ ಮಗ ವಿಜಯಸಾರಥಿ ಬೇರೆ ಗೈಡೇ ಇಲ್ಲದ ಬಸದಿಗೆ ಹೋಗಿ ಸೇರಿಕೊಂಡ. ಶ್ರವಣಬೆಳಗೊಳದಿಂದ ಬರುವ ಯಾತ್ರಿಕರು ಬಸ್ಸಿಳಿಯುತ್ತಲೇ "ಸಾರಥಿ ಎಲ್ಲಿ?" ಎಂದು ಕೇಳುವಂತಾಯಿತು.

ಅದನ್ನು ಕಿವಿಯಾರೆ ಕೇಳಿದ ದಿನ ಭೀಮರಾಜ್ ನೇರವಾಗಿ ಅನಂತಸ್ವಾಮಿಯ ಮುಂದೆ ಹೋಗಿ ನಿಂತ.

"ನಿಜ ಹೇಳಿ ಸಾರ್. ಅವತ್ತು ಬಸದಿ ಅಂದಿದ್ದು ನನ್ನ ಒಳ್ಳೇದಕ್ಕಾ, ನನ್ನನ್ನ ಸಾಗಹಾಕೋದಕ್ಕಾ?"

ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು. "ಎರಡಕ್ಕೂ ಕಣಯ್ಯ. ನೀನು ಇಲ್ಲಿ ನಿಲ್ಲೋದು ನಮ್ಮವರಿಗೆ ಇಷ್ಟ ಇರಲಿಲ್ಲ. ನನಗೂ ಇರಲಿಲ್ಲ. ಆದರೆ ಬಸದಿ ಒಳ್ಳೇದು ಅಂದಿದ್ದು ಸುಳ್ಳಲ್ಲ. ನಮ್ಮ ಸಾರಥಿಗೂ ಅದನ್ನೇ ಹೇಳಿದೆ."

"ಯಾಕೆ ಒಳ್ಳೇದು ಅಂತ ನೀವು ಹೇಳಲೇ ಇಲ್ಲವಲ್ಲ?"

"ನೀನು ಕೇಳಲೇ ಇಲ್ಲವಲ್ಲ."

ಭೀಮರಾಜನಿಗೆ ಬಾಯಿಗೆ ಬಂದಂತೆ ಬೈಯಬೇಕೆನಿಸಿತು. ಪಟ್ಟ ಅನುಮಾನ ಸುಳ್ಳಾಗಿರಲಿಲ್ಲ, ಅದು ನಿಜವಾಗಿದ್ದಕ್ಕೇ ಹೆಚ್ಚು ನೋವಾಯಿತು. ಆದರೂ ಇದರಲ್ಲಿ ಈ ಮುದುಕರಿಗೇನು ಲಾಭ ಎಂದು ಎರಡು ವರ್ಷ ಅವರ ಮುಖವನ್ನೇ ನೋಡುತ್ತ ನಿಂತವನು, ಬಸದಿಗೆ ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದು ಒಂದು ದಿನವೂ ಹೋಗಿ ನೋಡಿರಲಿಲ್ಲ.